ಡಂಕೆಲ್ ವಿರೋಧಿ ಚಳವಳಿ

ಅಂತರರಾಷ್ಟ್ರೀಯ ವ್ಯಾಪಾರದ ಗ್ಯಾಟ್ ಮಾತುಕತೆಯ ಕರಡು ಒಪ್ಪಂದವನ್ನು ಜನರನ್ನು ಕೇಳದೆ ದೇಶದ ಮೇಲೆ ಹೇರಬಾರದೆಂದು ಕರ್ನಾಟಕ ರಾಜ್ಯ ರೈತ ಸಂಘ 1990ರ ದಶಕದ ಮೊದಲರ್ಧದಲ್ಲಿ ನಡೆಸಿದ ಹೋರಾಟಕ್ಕೆ ಡಂಕೆಲ್ ವಿರೋಧಿ ಚಳವಳಿ ಎಂದು ಹೆಸರು. ಇದರ ಮುಖ್ಯ ಭಾಗವೇ ಬೀಜ ಸತ್ಯಾಗ್ರಹ. ಪ್ರೊಫೆಸರ್ ಎಂದೇ ಹೆಸರಾದ, ಕಾನೂನು ಪ್ರಾಧ್ಯಾಪಕರಾಗಿದ್ದ ಎಂ.ಡಿ. ನಂಜುಂಡಸ್ವಾಮಿ ಇದರ ಮುಂದಾಳು.

ಗ್ಯಾಟ್‌ನ ಉರುಗ್ವೆ ಸುತ್ತಿನ ಮಾತುಕತೆ 1986ರಲ್ಲಿ ಶುರುವಾಯಿತು. ದೇಶ ದೇಶಗಳ ಜಗ್ಗಾಟ ಬಗೆಹರಿಯದಿದ್ದಾಗ ಮಹಾನಿರ್ದೇಶಕ ಆರ್ಥರ್ ಡಂಕೆಲ್ 1991ರ ಡಿಸೆಂಬರ್ 20ರಂದು ನಾನೂರಕ್ಕೂ ಹೆಚ್ಚು ಪುಟಗಳ ಕರಡೊಂದನ್ನು ಮುಂದಿಟ್ಟರು. ಒಪ್ಪಿದರೆ ಇಡಿಯಾಗಿ ಒಪ್ಪಬೇಕು, ಬೇಕಾದ್ದನ್ನು ಆರಿಸಿಕೊಳ್ಳುವಂತಿರಲಿಲ್ಲ. ಕೃಷಿ ಸಬ್ಸಿಡಿಗೆ ಮಿತಿ, ಆಮದಿಗೆ ತೆರೆದ ಬಾಗಿಲು, ಸಸ್ಯ ತಳಿಗಳಿಗೆ ಪೇಟೆಂಟ್ ಇಲ್ಲವೇ ಅದಕ್ಕೆ ಸಮನಾದ ಪ್ರತ್ಯೇಕ ಕಾನೂನಿನ ರಕ್ಷಣೆ ಅದರಲ್ಲಿದ್ದವು. ಸುಗ್ಗಿಯಲ್ಲಿ ಎತ್ತಿಟ್ಟ ಬೀಜವನ್ನೇ ಮುಂದಿನ ವರ್ಷ ಬಿತ್ತುವುದು, ನೆರೆಯವರಿಗೆ ಕೊಡುವುದು ಅಪರಾಧವಾಗಬಹುದು ಎಂಬುದೇ ರೈತರ ದೊಡ್ಡ ಭಯ.

ಅದೇ ಹೊತ್ತಿಗೆ ಯುರೋಪಿನಲ್ಲಿ ಒಪ್ಪಂದಗಳು ಮತಪೆಟ್ಟಿಗೆಯ ಮುಂದೆ ನಿಂತಿದ್ದವು. 1992ರ ಜೂನ್‌ನಲ್ಲಿ ಡೆನ್ಮಾರ್ಕಿನ ಮತದಾರರು ಮಾಸ್ಟ್ರಿಕ್ಟ್ ಒಪ್ಪಂದವನ್ನು ತಳ್ಳಿಹಾಕಿದರು. ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನವರು ಯುರೋಪಿಯನ್ ಆರ್ಥಿಕ ವಲಯಕ್ಕೆ ಸೇರುವುದು ಬೇಡವೆಂದರು. ಭಾರತದ ಸಂವಿಧಾನದಲ್ಲಿ ಅಂಥ ಜನಮತಗಣನೆಗೆ ಜಾಗವಿಲ್ಲ. ಒಪ್ಪಂದಕ್ಕೆ ಸಹಿ ಹಾಕಲು ಕೇಂದ್ರ ಸರ್ಕಾರ ಸಂಸತ್ತಿನ ಮುಂಚಿನ ಒಪ್ಪಿಗೆಯನ್ನೂ ಪಡೆಯಬೇಕಿಲ್ಲ. ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 14ನೆಯ ವಿಷಯ ವಿದೇಶಿ ಒಪ್ಪಂದ. ರಾಜ್ಯ ಪಟ್ಟಿಯಲ್ಲಿ 14ನೆಯ ವಿಷಯ ಕೃಷಿ. 253ನೇ ವಿಧಿಯ ಪ್ರಕಾರ, ಒಪ್ಪಂದವನ್ನು ಜಾರಿಗೆ ತರಲು ಸಂಸತ್ತು ರಾಜ್ಯ ಪಟ್ಟಿಯ ವಿಷಯದ ಮೇಲೂ ಕಾನೂನು ಮಾಡಬಹುದು. ಹಾಗಾಗಿ ಬೆಂಗಳೂರಿನ ವಿಧಾನಸೌಧಕ್ಕೂ ಇದರಲ್ಲಿ ತೀರ್ಮಾನದ ಅಧಿಕಾರವಿರಲಿಲ್ಲ.

ಮತ ಹಾಕುವ ದಾರಿಯಿಲ್ಲದ ಕಡೆ ಬೀದಿಯೇ ಉಳಿಯಿತು. 1980ರ ನರಗುಂದ–ನವಲಗುಂದ ರೈತ ಬಂಡಾಯದ ಬಿಸಿಯಲ್ಲಿ ಹುಟ್ಟಿದ ರೈತ ಸಂಘಕ್ಕೆ ಬೀದಿ ಹೊಸದಲ್ಲ. ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂದು ಅದು ಹಳ್ಳಿಗಳ ಬಾಗಿಲಲ್ಲೇ ಬೋರ್ಡು ನೆಟ್ಟಿತ್ತು. ಡಂಕೆಲ್ ಕರಡಿನ ವಿಷಯದಲ್ಲೂ ತರ್ಕ ಅದೇ: ಊರಿಗೆ ಬರುವ ಮೊದಲು ಊರನ್ನು ಕೇಳಬೇಕು. ಗ್ಯಾಟ್‌ನ ಕೇಂದ್ರವಾದ ಜಿನೀವಾದ ಇಂಗ್ಲಿಷ್ ಕರಡಿನ ಸಂಗತಿ ರೈತ ಸಂಘದ ಹಸಿರು ಶಾಲಿನ ಸಭೆಗಳಲ್ಲಿ ಕನ್ನಡದ ಮಾತಾಯಿತು.

1992ರ ಡಿಸೆಂಬರ್ 29ರಂದು ಕಾರ್ಯಕರ್ತರು ಬೆಂಗಳೂರಿನಲ್ಲಿದ್ದ ಅಮೆರಿಕದ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ, ಕಡತಗಳನ್ನು ಹೊರಗೆಸೆದು ಸುಟ್ಟರು. 1993ರ ಮಾರ್ಚ್‌ನಲ್ಲಿ ದೆಹಲಿಯ ಕೆಂಪುಕೋಟೆಯ ಬಳಿ ಉತ್ತರದ ರೈತ ಸಂಘಟನೆಗಳ ಜೊತೆ ಸೇರಿ ರ‍್ಯಾಲಿ ನಡೆಯಿತು. ಜುಲೈನಲ್ಲಿ ಬಳ್ಳಾರಿ ಬಳಿ ಕಟ್ಟುತ್ತಿದ್ದ ಕಾರ್ಗಿಲ್ ಬೀಜ ಘಟಕವನ್ನು ಕೆಡವಲಾಯಿತು. ಜೀವಕ್ಕೆ ಹಾನಿಯಾಗದಿದ್ದರೆ ಆಸ್ತಿ ನಾಶ ಹಿಂಸೆಯಲ್ಲ ಎಂಬುದು ಸಂಘದ ವಾದ. ಗಾಂಧಿಯ ಹೆಸರು ಹೇಳಿ ಕಟ್ಟಡ ಕೆಡವುವುದು ಎಂಥ ಸತ್ಯಾಗ್ರಹ ಎಂಬ ಟೀಕೆಯೂ ಬಂತು. ಅಕ್ಟೋಬರ್ 2ರಂದು ಕಬ್ಬನ್ ಪಾರ್ಕಿನಲ್ಲಿ ಲಕ್ಷಾಂತರ ರೈತರು ನೆರೆದರು. ವಿದೇಶಿ ರೈತ ಪ್ರತಿನಿಧಿಗಳೂ ಇದ್ದರು.

ರೈತ ಲೋಕವೆಲ್ಲ ಒಂದೇ ಮಾತಾಡಲಿಲ್ಲ. ಮಹಾರಾಷ್ಟ್ರದ ಶೇತ್ಕರಿ ಸಂಘಟನೆಯ ಶರದ್ ಜೋಶಿ ಕರಡನ್ನು ಬೆಂಬಲಿಸಿದರು. ಬೆಲೆಯನ್ನು ಅದುಮಿ ರೈತನನ್ನು ಕೊಲ್ಲುತ್ತಿರುವುದು ನಮ್ಮದೇ ಸರ್ಕಾರ, ಮುಕ್ತ ಮಾರುಕಟ್ಟೆ ಬಂದರೆ ಲಾಭವೇ ಎಂಬುದು ಅವರ ಲೆಕ್ಕಾಚಾರ.

ದೆಹಲಿಯಲ್ಲಿ ಐ.ಕೆ. ಗುಜ್ರಾಲ್ ಅಧ್ಯಕ್ಷತೆಯ ಸಂಸದೀಯ ಸ್ಥಾಯಿ ಸಮಿತಿ ಕರಡನ್ನು ಪರಿಶೀಲಿಸಿತು. ಒಪ್ಪಂದಗಳಿಗೆ ಸಂಸತ್ತಿನ ಅನುಮೋದನೆ ಬೇಕೆಂದು ರಾಜ್ಯಸಭಾ ಸದಸ್ಯ ಎಂ.ಎ. ಬೇಬಿ 1993ರಲ್ಲಿ ಸಂವಿಧಾನ ತಿದ್ದುಪಡಿಯ ಖಾಸಗಿ ಮಸೂದೆಗೆ ಮುಂದಾದರು. ಯಾವುದೂ ಸಹಿಯನ್ನು ತಡೆಯಲಿಲ್ಲ. 1994ರ ಏಪ್ರಿಲ್ 15ರಂದು ಮರಾಕೇಶ್‌ನಲ್ಲಿ ಭಾರತ ಸಹಿ ಹಾಕಿತು. 1995ರ ಜನವರಿ 1ರಂದು ವಿಶ್ವ ವಾಣಿಜ್ಯ ಸಂಘಟನೆ ಅಸ್ತಿತ್ವಕ್ಕೆ ಬಂತು.

ಒಪ್ಪಂದದಲ್ಲಿ ಸೋತ ಬೇಡಿಕೆ ಕಾನೂನಿನಲ್ಲಿ ಭಾಗಶಃ ಗೆದ್ದಿತು. ದೇಶದ ನಾನಾ ಕಡೆಯ ರೈತ ಮತ್ತು ಬೀಜ ಹೋರಾಟಗಳ ಒತ್ತಡದ ನಡುವೆ ಭಾರತ ಪೇಟೆಂಟಿನ ಬದಲು ಪ್ರತ್ಯೇಕ ಕಾನೂನಿನ ದಾರಿ ಹಿಡಿಯಿತು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ 39ನೇ ಕಲಂ, ಬೀಜವನ್ನು ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ಹಂಚುವ, ಬ್ರ್ಯಾಂಡಿನ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಪೆಪ್ಸಿಕೋ ಮೊಕದ್ದಮೆ ಹೂಡಿ 2019ರಲ್ಲಿ ಹಿಂತೆಗೆದುಕೊಂಡಾಗ ರೈತರ ಪರವಾಗಿ ಎತ್ತಿ ಹಿಡಿದದ್ದು ಇದೇ ಕಲಮನ್ನು.

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ಸೀಮೆಗೆ, ಬೆಳೆಗಾರರನ್ನು ಕೇಳದೆ ಒಪ್ಪಂದ ಮಾಡಬಹುದೇ ಎಂಬ ಇದೇ ಪ್ರಶ್ನೆ ಹೊಗೆಸೊಪ್ಪಿನ ರೂಪದಲ್ಲಿ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರ ಫೆಬ್ರುವರಿಯಲ್ಲಿ ಅನುಮೋದಿಸಿತು. ಅದರ 17ನೇ ವಿಧಿ ಬೆಳೆಗಾರರಿಗೆ ಪರ್ಯಾಯ ಜೀವನೋಪಾಯಕ್ಕೆ ಉತ್ತೇಜನ ಕೊಡಬೇಕೆನ್ನುತ್ತದೆ. ಆದರೆ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳನ್ನೂ ಎಲೆ ಹದಮಾಡುವ ಬ್ಯಾರನ್‌ಗಳನ್ನೂ ನೆಚ್ಚಿದ ಕುಟುಂಬಗಳಿಗೆ ಅಷ್ಟೇ ಆದಾಯದ ಇನ್ನೊಂದು ಮಳೆಯಾಶ್ರಿತ ಬೆಳೆ ಸುಲಭಕ್ಕೆ ಸಿಕ್ಕಿಲ್ಲ. 2016ರ ನವೆಂಬರ್‌ನಲ್ಲಿ ಗ್ರೇಟರ್ ನೋಯ್ಡಾದಲ್ಲಿ ಈ ಒಪ್ಪಂದದ ಏಳನೇ ಸಮ್ಮೇಳನ ನಡೆದಾಗ, ತಮ್ಮ ಮಾತನ್ನೂ ಕೇಳಬೇಕೆಂದು ತಂಬಾಕು ಬೆಳೆಗಾರರು ಹೊರಗೆ ಪ್ರತಿಭಟಿಸಿದರು. ಡಂಕೆಲ್ ವಿರೋಧಿಗಳು ಎದುರಿಸಿದ್ದು ಬಹುರಾಷ್ಟ್ರೀಯ ಕಂಪನಿಗಳನ್ನು; ಇಲ್ಲಿ ಬೆಳೆಗಾರರ ಹಿತವೂ ಸಿಗರೇಟು ಕಂಪನಿಗಳ ಹಿತವೂ ಒಂದೇ ಕಡೆ ಬಿದ್ದವು.

ನಂಜುಂಡಸ್ವಾಮಿ 2004ರ ಫೆಬ್ರುವರಿ 3ರಂದು ತೀರಿಕೊಂಡರು. ಆರ್‌ಸಿಇಪಿ ವ್ಯಾಪಾರ ಒಪ್ಪಂದದಿಂದ ಹೈನುಗಾರಿಕೆ ಕೆಡುತ್ತದೆಂದು 2019ರಲ್ಲಿ ಹಸಿರು ಶಾಲುಗಳು ಮತ್ತೆ ಬೀದಿಗಿಳಿದವು. ಆ ವರ್ಷ ನವೆಂಬರ್ 4ರಂದು ಭಾರತ ಅದರಿಂದ ಹೊರಗುಳಿಯಿತು. ವಿದೇಶಿ ಒಪ್ಪಂದವನ್ನು ಜನಮತಕ್ಕೆ ಹಾಕಬೇಕೆಂಬ ನಿಯಮವಾಗಲಿ, ಸಹಿಗೆ ಮುನ್ನ ರಾಜ್ಯಗಳನ್ನು ಕೇಳಲೇಬೇಕೆಂಬ ನಿಯಮವಾಗಲಿ ಸಂವಿಧಾನಕ್ಕೆ ಸೇರಿಲ್ಲ.