ಗಾಂಧಿ ಕ್ಲಾಸಿನ ತೀರ್ಪು

ರಾಜಾಜಿನಗರದ ಕಡೆ ಹೊರಟವರು ಆಟೋ ಚಾಲಕನಿಗೆ ‘ನವರಂಗ್’ ಎಂದರೆ ಸಾಕು, ಬೇರೆ ಗುರುತು ಹೇಳಬೇಕಿಲ್ಲ. ಚಿತ್ರಮಂದಿರವೊಂದರ ಹೆಸರು ಅಲ್ಲಿನ ವೃತ್ತಕ್ಕೂ ಬಸ್ ನಿಲ್ದಾಣಕ್ಕೂ ಅಂಟಿಕೊಂಡಿದೆ. ಪಶ್ಚಿಮ ಬೆಂಗಳೂರಿನ ಜನಜೀವನದಲ್ಲಿ ಸಿನಿಮಾ ಪಡೆದಿದ್ದ ಸ್ಥಾನವೇನೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

1940ರ ದಶಕದ ಕೊನೆಯಲ್ಲಿ ರೂಪುಗೊಂಡ ರಾಜಾಜಿನಗರ ವಸತಿ ಬಡಾವಣೆಯಷ್ಟೇ ಅಲ್ಲ, ಕೈಗಾರಿಕಾ ಬಡಾವಣೆಯೂ ಹೌದು. ಕಾರ್ಖಾನೆ ಕಾರ್ಮಿಕರು, ಗುಮಾಸ್ತರು, ಮೇಷ್ಟರುಗಳು, ಸಣ್ಣ ವ್ಯಾಪಾರಿಗಳು ಇಲ್ಲಿ ಅಕ್ಕಪಕ್ಕದಲ್ಲೇ ನೆಲೆಸಿದರು. ದೊಡ್ಡ ಚಿತ್ರಮಂದಿರಗಳೆಲ್ಲ ಮೆಜೆಸ್ಟಿಕ್ಕಿನ ಕೆಂಪೇಗೌಡ ರಸ್ತೆಯಲ್ಲಿದ್ದವು. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಎರಡು ವರ್ಷ ಓಡಿದ ಸ್ಟೇಟ್ಸ್ ಚಿತ್ರಮಂದಿರ ಇದ್ದದ್ದೂ ಅಲ್ಲೇ. ಆದರೆ ದಿನದ ದುಡಿಮೆ ಮುಗಿಸಿ, ಊಟ ಮಾಡಿ, ಮನೆಮಂದಿಯೊಡನೆ ನಡೆದೇ ಸೆಕೆಂಡ್ ಷೋಗೆ ಹೋಗುವವರಿಗೆ ಬೇಕಾದದ್ದು ಬಡಾವಣೆಯ ಚಿತ್ರಮಂದಿರ. ರಾಜಾಜಿನಗರಕ್ಕೆ ನವರಂಗ್, ಮಾಗಡಿ ರಸ್ತೆಯ ಸುತ್ತಲಿನವರಿಗೆ ಪ್ರಸನ್ನ, ವೀರೇಶ್, ಅಂಜನ್ ಆ ಕೊರತೆಯನ್ನು ತುಂಬಿದವು.

ನವರಂಗ್ ಕಟ್ಟಿದ ಕೆ.ಸಿ.ಎನ್. ಗೌಡರು ನಿರ್ಮಾಪಕರೂ ಆಗಿದ್ದರು. ರಾಜಕುಮಾರ್ ಅಭಿನಯದ ‘ಕಸ್ತೂರಿ ನಿವಾಸ’ (1971) ಅವರ ಕಾಣಿಕೆ. ಚಿತ್ರ ತೆಗೆಯುವವರೇ ಚಿತ್ರಮಂದಿರವನ್ನೂ ನಡೆಸುವಾಗ, ಜನರ ನಾಡಿಮಿಡಿತ ತಿಳಿಯಲು ಗೇಟಿನ ಬಳಿ ನಿಂತರೆ ಸಾಕಿತ್ತು.

ಒಳಗೆ ಸಮಾನತೆಯಿತ್ತೆಂದು ಹೇಳುವಂತಿಲ್ಲ. ದರಕ್ಕೆ ತಕ್ಕಂತೆ ಬಾಲ್ಕನಿ, ಎರಡನೇ ದರ್ಜೆ, ಎಲ್ಲಕ್ಕಿಂತ ಮುಂದೆ ಗಾಂಧಿ ಕ್ಲಾಸ್. ರೈಲಿನಲ್ಲಿ ಮೂರನೇ ದರ್ಜೆಯಲ್ಲೇ ಪ್ರಯಾಣಿಸಿದ ಮಹಾತ್ಮರ ಹೆಸರು ಅತಿ ಕಡಿಮೆ ದರದ ಸೀಟಿಗೆ ಅಂಟಿಕೊಂಡಿತ್ತು. ಸಾಲು ಬೇರೆ, ಬಾಗಿಲು ಬೇರೆ. ಆದರೂ ಮಾಡು ಒಂದೇ, ಪರದೆ ಒಂದೇ. ಮುಂದಿನವರು ಶಿಳ್ಳೆ ಹೊಡೆದು ಚಿಲ್ಲರೆ ಕಾಸು ತೂರಿದರೆ ಅದು ಬಾಲ್ಕನಿಯವರಿಗೂ ಕೇಳಿಸುತ್ತಿತ್ತು.

ಚಿತ್ರದ ಹಣೆಬರಹ ಬರೆಯುತ್ತಿದ್ದವರೂ ಈ ಮುಂದಿನ ಸಾಲಿನವರೇ. ವಾರದ ಗಳಿಕೆ ನಿಗದಿತ ಮಟ್ಟಕ್ಕಿಂತ ಇಳಿದರೆ ಚಿತ್ರ ಎತ್ತಂಗಡಿಯಾಗುತ್ತಿತ್ತು. ಬಾಲ್ಕನಿಯ ಸಂಸಾರವಂದಿಗರು ಒಮ್ಮೆ ನೋಡಿ ಹೋದರೆ, ಗಾಂಧಿ ಕ್ಲಾಸಿನವರು ಮೆಚ್ಚಿದ ಚಿತ್ರಕ್ಕೆ ನಾಲ್ಕಾರು ಸಲ ಬರುತ್ತಿದ್ದರು. ಕಟೌಟ್‌ಗೆ ಹಾರ ಹಾಕಿದವರೂ ಇವರೇ. ‘ಆಟೋ ರಾಜ’ (1980) ಬಂದು ದಶಕಗಳೇ ಕಳೆದರೂ ಶಂಕರ್‌ನಾಗ್ ಚಿತ್ರ ಇಂದಿಗೂ ನಗರದ ಆಟೋಗಳ ಹಿಂದೆ ಕಾಣುತ್ತದೆ. ಅಗ್ಗದ ಸೀಟಿನ ಅಭಿರುಚಿಯನ್ನು ಹಗುರವಾಗಿ ಕಂಡವರಿಗೆ ‘ಕಸ್ತೂರಿ ನಿವಾಸ’ವೇ ಉತ್ತರ. ಹೊಡೆದಾಟವಿಲ್ಲದ, ದಾನಿಯೊಬ್ಬ ಸೋತು ಹೋಗುವ ಆ ಕಪ್ಪು-ಬಿಳುಪು ಕಥೆ 2014ರಲ್ಲಿ ವರ್ಣದಲ್ಲಿ ಮರುಬಿಡುಗಡೆಯಾಯಿತು.

ಈಗ ಕಾಲ ಬದಲಾಗಿದೆ. ನವರಂಗ್ ಇರುವ ಡಾ. ರಾಜಕುಮಾರ್ ರಸ್ತೆಯಲ್ಲೇ, ಹಿಂದೆ ಕಿರ್ಲೋಸ್ಕರ್ ಕಾರ್ಖಾನೆಯಿದ್ದ ಜಾಗದಲ್ಲಿ, 2012ರಲ್ಲಿ ಒರಾಯನ್ ಮಾಲ್ ತೆರೆಯಿತು. ಮಲ್ಟಿಪ್ಲೆಕ್ಸ್‌ನಲ್ಲಿ ಸೀಟು ಮೆತ್ತಗಿದೆ, ಧ್ವನಿ ಚೆನ್ನಾಗಿದೆ, ಹೆಣ್ಣುಮಕ್ಕಳು ಒಂಟಿಯಾಗಿ ಹೋಗಲು ಅಂಜಬೇಕಿಲ್ಲ. ಈ ಅನುಕೂಲಗಳನ್ನು ಅಲ್ಲಗಳೆಯುವಂತಿಲ್ಲ. ಇಲ್ಲದಿರುವುದು ಗಾಂಧಿ ಕ್ಲಾಸ್ ಮಾತ್ರ.

ಅದರ ಪರಿಣಾಮ ಏನೆಂಬುದು 2024ರ ಜುಲೈನಲ್ಲಿ ಮಾಗಡಿ ರಸ್ತೆಯಲ್ಲೇ ಕಂಡಿತು. ಟಿಕೆಟ್ ಪಡೆದು ಮಗನೊಡನೆ ಸಿನಿಮಾ ನೋಡಲು ಬಂದ ಹಿರಿಯ ರೈತರೊಬ್ಬರನ್ನು, ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ, ಮಾಲ್ ಒಂದರ ಬಾಗಿಲಲ್ಲೇ ತಡೆಯಲಾಯಿತು. ವಿಷಯ ವಿಧಾನಸಭೆಯಲ್ಲೂ ಪ್ರತಿಧ್ವನಿಸಿತು. ಹಳೆಯ ಚಿತ್ರಮಂದಿರ ಅವರನ್ನು ಮುಂದಿನ ಸಾಲಿಗೆ ಕಳಿಸುತ್ತಿತ್ತೇ ಹೊರತು ಹೊರಗೆ ನಿಲ್ಲಿಸುತ್ತಿರಲಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹೇರಿತು. ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ದರದ ಈ ವಿವಾದ ಬರೀ ಲಾಭನಷ್ಟದ ಮಾತಲ್ಲ. ಮೆಚ್ಚಿದ ಚಿತ್ರವನ್ನು ನಾಲ್ಕನೇ ಸಲ ನೋಡುವ ಶಕ್ತಿ ದುಡಿಯುವ ಜನರಿಗೆ ಇಲ್ಲವಾದರೆ, ಕನ್ನಡ ಚಿತ್ರ ಯಾರ ಅಭಿರುಚಿಗೆ ತಕ್ಕಂತೆ ತಯಾರಾದೀತು ಎಂಬ ಪ್ರಶ್ನೆ ಅದರೊಳಗಿದೆ.