ಕಂಟಿನ್ಯುಯೇಶನ್ ಮತ್ತು ಸಂಪನ್ಮೂಲ ನಿರ್ವಹಣೆ

ಪ್ರೋಗ್ರಾಂ ಓಡುತ್ತಿರುವಾಗ, ಒಂದು ಹಂತದ ಆಚೆಗೆ ಉಳಿದಿರುವ ಕೆಲಸವನ್ನೆಲ್ಲ ಒಂದು ಫಂಕ್ಷನ್ ರೂಪದಲ್ಲಿ ಹಿಡಿದಿಟ್ಟರೆ ಅದು ಕಂಟಿನ್ಯುಯೇಶನ್. ಫೈಲು, ಡೇಟಾಬೇಸ್ ಸಂಪರ್ಕ, ಲಾಕ್ ಇವುಗಳನ್ನು ಪಡೆದು, ಬಳಸಿ, ತಪ್ಪದೆ ಬಿಟ್ಟುಕೊಡಲು ಫಂಕ್ಷನಲ್ ಪ್ರೋಗ್ರಾಮಿಂಗ್ ಈ ಕಲ್ಪನೆಯನ್ನು ಬಳಸಿಕೊಂಡಿದೆ.

ಇದನ್ನು ಮೊದಲು ಕಂಡವರು ಯಾರು? ಶ್ರೇಯ ಹೆಚ್ಚಾಗಿ ಸ್ಟ್ರೇಚಿ ಮತ್ತು ವಾಡ್ಸ್‌ವರ್ತ್ ಅವರ 1974ರ ಆಕ್ಸ್‌ಫರ್ಡ್ ವರದಿಗೆ ಸಲ್ಲುತ್ತದೆ. ಆದರೆ ಜಾನ್ ರೆನಾಲ್ಡ್ಸ್ 1993ರಲ್ಲಿ ಜಾಡು ಹಿಡಿದು ಹೋದಾಗ, ಹಲವರು ಪರಸ್ಪರ ಅರಿಯದೆಯೇ ಇದನ್ನು ಕಂಡುಕೊಂಡದ್ದು ಬಯಲಾಯಿತು. ಅವರಲ್ಲಿ ಮೊದಲಿಗರು 1964ರ ವಾನ್ ವೈನ್‌ಗಾರ್ಡನ್. ಹಾಗಾಗಿ ಒಬ್ಬರ ಹೆಸರಿಗೆ ಇದನ್ನು ಬರೆದಿಡುವುದು ಸರಿಯಲ್ಲ.

1975ರಲ್ಲಿ ಹುಟ್ಟಿದ ಸ್ಕೀಮ್ ಭಾಷೆ ಮುಂದೆ ಕಂಟಿನ್ಯುಯೇಶನ್ನನ್ನು ಪ್ರೋಗ್ರಾಮರ್ ಕೈಗೇ ಕೊಟ್ಟಿತು. ತೊಡಕು ಶುರುವಾದದ್ದು ಅಲ್ಲಿಂದ. ಹೊರಹೋದ ಕೆಲಸ ಮತ್ತೆ ಒಳಬರಬಹುದಾದರೆ ಫೈಲನ್ನು ಮುಚ್ಚುವುದು ಯಾವಾಗ? 1998ರ ಸ್ಕೀಮ್ ಮಾನಕ ಸೇರಿಸಿಕೊಂಡ ‘ಡೈನಮಿಕ್-ವೈಂಡ್’ ಇದಕ್ಕೆ ಪರಿಹಾರವೆಂದು ಹಲವರು ಭಾವಿಸುತ್ತಾರೆ. ಆದರೆ ಅದು ಪ್ರತಿ ಪ್ರವೇಶಕ್ಕೂ ಪ್ರತಿ ನಿರ್ಗಮನಕ್ಕೂ ಓಡುತ್ತದೆ. ಕೆಲಸ ನಿಜಕ್ಕೂ ಮುಗಿಯಿತೇ, ಮತ್ತೆ ಬರುವುದೇ ಎಂಬುದು ಅದಕ್ಕೆ ತಿಳಿಯದು. ಲಿಸ್ಪ್ ತಜ್ಞ ಕೆಂಟ್ ಪಿಟ್‌ಮನ್ ಎತ್ತಿದ ಆಕ್ಷೇಪವೂ ಈ ತೊಡಕಿನ ಸುತ್ತಲೇ ಇದೆ.

ಹ್ಯಾಸ್ಕೆಲ್ ಬೇರೆ ದಾರಿ ಹಿಡಿಯಿತು. ಅದರ ‘ಬ್ರಾಕೆಟ್’ ಫಂಕ್ಷನ್ ಸಂಪನ್ಮೂಲವನ್ನು ತೆರೆದು, ಮುಂದಿನ ಕೆಲಸವನ್ನು ಫಂಕ್ಷನ್ ಆಗಿ ಪಡೆದು ನಡೆಸುತ್ತದೆ. ನಡುವೆ ದೋಷ ಬಂದರೂ ಕೊನೆಗೆ ಮುಚ್ಚಿಯೇ ಮುಚ್ಚುತ್ತದೆ. ಬೆಂಗಳೂರಿನ ಜಸ್‌ಪೇ ಕಂಪನಿ ಹ್ಯಾಸ್ಕೆಲ್‌ಗಾಗಿ ಕಟ್ಟಿ ಮುಕ್ತವಾಗಿ ಹಂಚಿದ ‘ಯೂಲರ್’ ಚೌಕಟ್ಟಿನಲ್ಲಿ ಈ ವಿನ್ಯಾಸ ಎದ್ದು ಕಾಣುತ್ತದೆ. ‘ವಿತ್‌ಫ್ಲೋರನ್‌ಟೈಮ್’ ಎಂಬ ಫಂಕ್ಷನ್‌ಗೆ ಸರ್ವರ್‌ನ ಉಳಿದ ಕೆಲಸವನ್ನು ಒಪ್ಪಿಸಿದರೆ ಸಾಕು, ಲಾಗರ್ ತೆರೆಯುವ, ಕೊನೆಗೆ ಅದನ್ನೂ ಸಂಪರ್ಕಗಳನ್ನೂ ಮುಚ್ಚುವ ಹೊಣೆ ಅದರದೇ. 2022ರಲ್ಲಿ ಆಟೋ ಚಾಲಕರಿಗಾಗಿ ಬಂದ ‘ನಮ್ಮ ಯಾತ್ರಿ’ ಆ್ಯಪ್‌ನ ಸರ್ವರ್ ಕೂಡ ಹ್ಯಾಸ್ಕೆಲ್‌ನಲ್ಲಿದೆ. ಅದರ ಕೋಡ್ ಬಹಿರಂಗವಾಗಿರುವುದರಿಂದ ಕನ್ನಡದ ವಿದ್ಯಾರ್ಥಿಗಳು ಈ ವಿನ್ಯಾಸವನ್ನು ಕಣ್ಣಾರೆ ಓದಿ ಕಲಿಯಬಹುದು. ಪಠ್ಯಪುಸ್ತಕದ ಉದಾಹರಣೆಗಿಂತ ಇದು ಎಷ್ಟೋ ಮೇಲು.

ಅದೇ ವರ್ಷದ ಡಿಸೆಂಬರಿನಲ್ಲಿ ಬಿಡುಗಡೆಯಾದ ಓಕ್ಯಾಮಲ್ 5.0, ಮದ್ರಾಸ್ ಐಐಟಿಯ ಕೆ.ಸಿ. ಶಿವರಾಮಕೃಷ್ಣನ್ ಮತ್ತು ಸಂಗಡಿಗರ ಶ್ರಮದಿಂದ, ಒಮ್ಮೆ ಮಾತ್ರ ಮುಂದುವರಿಸಬಹುದಾದ ಕಂಟಿನ್ಯುಯೇಶನ್ನನ್ನು ತಂದಿತು. ಎರಡನೇ ಬಾರಿ ಕರೆದರೆ ದೋಷ ಎದುರಾಗುತ್ತದೆ. ಒಮ್ಮೆಯೂ ಕರೆಯದೆ ಕೈಬಿಟ್ಟರೆ ಮಾತ್ರ ಸಂಪನ್ಮೂಲ ಸೋರಿಹೋಗುವ ಅಪಾಯ ಹಾಗೇ ಉಳಿಯುತ್ತದೆ; ಮುಂದುವರಿಸುವುದೋ ‘ಡಿಸ್‌ಕಂಟಿನ್ಯೂ’ ಮೂಲಕ ಮುಗಿಸುವುದೋ, ಎರಡರಲ್ಲೊಂದನ್ನು ಪ್ರೋಗ್ರಾಮರೇ ಮಾಡಬೇಕು.