ವಾತ ಅಂದ್ರೆ ಯಾವ ವಾತ?

ನೋವಿಗೆ ಕನ್ನಡದಲ್ಲಿ ಪದಗಳ ಬರ ಇಲ್ಲ. ಚಳುಕು, ಸೆಳೆತ, ಉಳುಕು, ಸಿಡಿತ, ಜೋಮು. ಸೊಂಟ ಹಿಡ್ಕೊಳ್ಳುತ್ತೆ, ಮಂಡಿ ಕಟಕಟ ಅನ್ನುತ್ತೆ. ನೋವನ್ನು ಇಷ್ಟು ಬಿಡಿಸಿ ಹೇಳುವ ನಾವು, ಅದು ಯಾವ ಕಾಯಿಲೆ ಅಂತ ಕೇಳಿದರೆ ಮಾತ್ರ ಒಂದೇ ಪದಕ್ಕೆ ಬಂದು ನಿಲ್ಲುತ್ತೇವೆ: ವಾತ. ಅರವತ್ತರ ಅಜ್ಜಿಯ ಮಂಡಿ ನೋವೂ ವಾತ, ಇಪ್ಪತ್ತೈದರ ಹುಡುಗನ ಬೆನ್ನು ನೋವೂ ವಾತ, ಬೆಳಗಾಗುವಷ್ಟರಲ್ಲಿ ಊದಿ ಕೆಂಪಾದ ಕಾಲಿನ ಹೆಬ್ಬೆರಳೂ ವಾತ.

ಇದು ನಮ್ಮದೊಂದೇ ಕತೆಯಲ್ಲ. ಯುರೋಪಿನಲ್ಲೂ ಬಹುಕಾಲ ಕೀಲುನೋವುಗಳನ್ನೆಲ್ಲ ‘ಗೌಟ್’, ‘ರುಮಾಟಿಸಂ’ ಎಂಬ ಎರಡು ಮೂಟೆಗಳಲ್ಲಿ ತುಂಬಿಟ್ಟಿದ್ದರು. ರೋಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಆದರೆ ಮೂಟೆ ಬಿಚ್ಚುವ ಕೆಲಸ ಅದಕ್ಕೂ ಎಷ್ಟೋ ಮೊದಲೇ ಶುರುವಾಗಿತ್ತು. ರೋಗಿ ಹೇಳಿದ್ದನ್ನು ಕೇಳಿ, ಕಣ್ಣಿಟ್ಟು ನೋಡಿ, ಕೈಯಿಂದ ಮುಟ್ಟಿ ವೈದ್ಯರು ಒಂದೊಂದೇ ಕಾಯಿಲೆಯನ್ನು ಹೊರಗೆ ತೆಗೆದರು. ಈ ಇತಿಹಾಸ ಓದುತ್ತಾ ಹೋದಂತೆ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಯಾರ ನೋವನ್ನು ಕೂತು ಕೇಳಿದರೋ ಅವರ ಕಾಯಿಲೆಗೆ ಹೆಸರು ಸಿಕ್ಕಿತು. ಉಳಿದವರದ್ದು ಮೂಟೆಯಲ್ಲೇ ಉಳಿಯಿತು.

ಮೊದಲು ಕೇಳಿಸಿದ್ದು ಉಳ್ಳವರ ನೋವು. ಚರಕಸಂಹಿತೆ ವಾತರಕ್ತಕ್ಕೆ ಕೊಡುವ ಇನ್ನೊಂದು ಹೆಸರು ‘ಆಢ್ಯವಾತ’. ಆಢ್ಯ ಅಂದರೆ ಸಿರಿವಂತ. ಚೆನ್ನಾಗಿ ಉಂಡು, ಓಡಾಡದೆ ಕೂತಿರುವ ಸುಕುಮಾರರಿಗೆ ಬರುವ ರೋಗ ಅದು. ಇವತ್ತಿನ ಗೌಟಿಗೆ ಈ ವರ್ಣನೆ ಬಹಳ ಹತ್ತಿರ, ಆದರೂ ಎರಡೂ ಒಂದೇ ಅಂತ ಸಲೀಸಾಗಿ ಹೇಳೋಕೆ ಬರಲ್ಲ. ರೋಗವನ್ನು ತಿಳಿಯುವ ಐದು ದಾರಿಗಳಲ್ಲಿ ಚರಕ ‘ಉಪಶಯ’ ಎಂಬ ಒಂದನ್ನೂ ಹೇಳುತ್ತಾನೆ. ಅಂದರೆ, ಏನು ಮಾಡಿದರೆ ನೋವು ಇಳಿಯುತ್ತೆ, ಏನು ಮಾಡಿದರೆ ಏರುತ್ತೆ ಅಂತ ನೋಡಿ ರೋಗ ಗುರುತಿಸೋದು. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಲಂಡನ್ನಿನ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್ 1683ರಲ್ಲಿ ಗೌಟಿನ ಬಗ್ಗೆ ಪುಸ್ತಕ ಪ್ರಕಟಿಸಿದ. ಅವನಿಗೂ ಅದೇ ಕಾಯಿಲೆ, ಅದೂ ದಶಕಗಳಿಂದ. ಹಾಗಾಗಿ ವೈದ್ಯನೂ ಅವನೇ, ರೋಗಿಯೂ ಅವನೇ. ಮನುಷ್ಯ ಆರಾಮಾಗಿ ಮಲಗುತ್ತಾನೆ. ರಾತ್ರಿ ಎರಡರ ಹೊತ್ತಿಗೆ ಹೆಬ್ಬೆರಳ ನೋವು ಎಬ್ಬಿಸುತ್ತೆ. ಮೊದಲು ಚಳಿ, ನಡುಕ, ಆಮೇಲೆ ನೋವು ಏರುತ್ತಾ ಹೋಗಿ, ಕಾಲ ಮೇಲಿನ ಹೊದಿಕೆಯ ಭಾರವನ್ನೂ ತಡೆಯಲಾಗದು, ಕೋಣೆಯಲ್ಲಿ ಯಾರಾದರೂ ನಡೆದಾಡಿದರೆ ಆ ಅದುರುವಿಕೆಯನ್ನೂ ಸಹಿಸಲಾಗದು. ಇವತ್ತಿಗೂ ರೋಗಿ ಹೀಗೆ ಹೇಳಿದರೆ ಡಾಕ್ಟರಿಗೆ ಮೊದಲು ಹೊಳೆಯೋದು ಗೌಟೇ.

ಆದರೆ ಗೌಟ್ ಸಿರಿವಂತರ ಕಾಯಿಲೆ ಅಂತ ಒಮ್ಮೆ ಹೆಸರಾದ ಮೇಲೆ, ಬಡವರ ಕೀಲುನೋವು ಯಾವ ಲೆಕ್ಕಕ್ಕೆ? ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಬಡ ಹೆಂಗಸರೇ ತುಂಬಿದ್ದರು. ಅಲ್ಲಿದ್ದ ಎಳೆಯ ವೈದ್ಯ ಲಾಂಡ್ರೆ-ಬೋವೆ, 1800ರಲ್ಲಿ ತನ್ನ ಪ್ರೌಢಪ್ರಬಂಧಕ್ಕೆ ಅಂಥ ಒಂಬತ್ತು ಹೆಂಗಸರನ್ನು ಆರಿಸಿಕೊಂಡ. ಇವರ ನೋವು ಒಂದು ರಾತ್ರಿಯಲ್ಲಿ ಬಂದದ್ದಲ್ಲ, ಒಂದು ಬೆರಳಿನದ್ದೂ ಅಲ್ಲ. ಹಲವು ಕೀಲುಗಳು, ವರ್ಷಗಟ್ಟಲೆ, ಮೈಯ ಶಕ್ತಿಯನ್ನೆಲ್ಲ ಹೀರುತ್ತಾ. ಅವನು ಅದನ್ನು ಗೌಟಿನದ್ದೇ ಒಂದು ಬಗೆ ಅಂದುಕೊಂಡ. ಆದರೆ ಅವನು ಬರೆದಿಟ್ಟದ್ದು ಇಂದಿನ ರುಮಟಾಯ್ಡ್ ಆರ್ಥ್ರೈಟಿಸಿನ ಮೊದಲ ಸ್ಪಷ್ಟ ವರ್ಣನೆ ಅಂತ ಇತಿಹಾಸಕಾರರು ಗುರುತಿಸುತ್ತಾರೆ.

1802ರಲ್ಲಿ, ವಿಲಿಯಂ ಹೆಬರ್ಡನ್ ತೀರಿಹೋದ ಮರುವರ್ಷ, ಅವನ ಟಿಪ್ಪಣಿಗಳು ಅಚ್ಚಾದವು. ಬೆರಳ ತುದಿಯ ಕೀಲಿನ ಹತ್ತಿರ ಬಟಾಣಿಯಷ್ಟು ಗಟ್ಟಿ ಗಂಟು ಏಳುತ್ತೆ, ಅದಕ್ಕೂ ಗೌಟಿಗೂ ಸಂಬಂಧ ಇಲ್ಲ ಅಂತ ಅವನು ಬರೆದಿದ್ದ. ವಯಸ್ಸಾದ ಹೆಂಗಸರ ಕೈ ಹಿಡಿದು ನೋಡಿ, ಆ ಗಂಟು ಇವತ್ತೂ ಕಾಣಿಸುತ್ತೆ. ಅದು ಸವೆತದ ಸಂಧಿವಾತದ ಗುರುತು.

ಮೂರನ್ನೂ ಗಟ್ಟಿಯಾಗಿ ಬೇರ್ಪಡಿಸಲು ನೆರವಾದದ್ದು ಒಂದು ದಾರ. ಆಲ್ಫ್ರೆಡ್ ಗ್ಯಾರಡ್ ಗೌಟ್ ರೋಗಿಯ ರಕ್ತದ ತಿಳಿಯನ್ನು ಗಾಜಿನ ತಟ್ಟೆಗೆ ಹಾಕಿ, ಅಸಿಟಿಕ್ ಆಮ್ಲ ಬೆರೆಸಿ, ನಾರಿನ ಎಳೆಯೊಂದನ್ನು ಅದರಲ್ಲಿ ಬಿಟ್ಟ. ಒಂದೆರಡು ದಿನದಲ್ಲಿ ಕಲ್ಲುಸಕ್ಕರೆ ದಾರಕ್ಕೆ ಹರಳು ಕಟ್ಟುವ ಹಾಗೆ ಯೂರಿಕ್ ಆಮ್ಲದ ಹರಳು ಕಟ್ಟಿತು. ಹರಳು ಕಟ್ಟದವರ ಕಾಯಿಲೆ ಬೇರೆ ಇರಬೇಕಲ್ಲ? 1859ರ ಪುಸ್ತಕದಲ್ಲಿ ಅದಕ್ಕೆ ‘ರುಮಟಾಯ್ಡ್ ಆರ್ಥ್ರೈಟಿಸ್’ ಅಂತ ಹೆಸರಿಟ್ಟವನು ಅವನೇ.

ಈಗ ನಮ್ಮ ಕಡೆಗೆ ಬರೋಣ. 1937ರಲ್ಲಿ ಎಚ್.ಇ. ಶಾರ್ಟ್ ಮತ್ತು ಸಂಗಡಿಗರು ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗರ ಬಗ್ಗೆ ಬರೆದರು. ಆಗ ನಮ್ಮ ಬಳ್ಳಾರಿಯೂ ಅದೇ ಪ್ರಾಂತ್ಯದಲ್ಲಿತ್ತು. ನಡುವಯಸ್ಸಿಗೇ ಬೆನ್ನು ಕಂಬದ ಹಾಗೆ ಸೆಟೆದು, ಬಗ್ಗಲಾಗದೆ, ತಿರುಗಲಾಗದೆ ಆದ ಜನ. ಸುಳಿವು ಸಿಕ್ಕಿದ್ದು ಅವರ ಹಲ್ಲಿನಲ್ಲಿ: ಕಂದು ಕಲೆ, ಒರಟು ಮೈ. ಬಾವಿಯ ನೀರಿನಲ್ಲಿ ಫ್ಲೋರೈಡ್ ಇತ್ತು. ಹಲ್ಲಿಗೆ ಕಲೆ ಬೀಳೋದು ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿ, ಬೆನ್ನು ಸೆಟೆಯೋದು ವರ್ಷಾನುಗಟ್ಟಲೆ ಆ ನೀರು ಕುಡಿದ ಮೇಲೆ. ಹಾಗಾಗಿ ಬೇರೆ ಊರಿಂದ ಬಂದ ಸೊಸೆಯ ಹಲ್ಲು ಬೆಳ್ಳಗಿದ್ದರೂ ಬೆನ್ನು ಸೆಟೆದಿರಬಹುದು. ಇಲ್ಲಿ ಎಲ್ಲಿ ನೋವು ಅಂತ ಕೇಳಿದರೆ ಸಾಲದು, ಯಾವ ಊರು, ಯಾವ ಬಾವಿ ಅಂತಲೂ ಕೇಳಬೇಕು. ಕೋಲಾರ, ಪಾವಗಡದ ಕಡೆ ಕೊಳವೆಬಾವಿ ಆಳ ಆದಷ್ಟೂ ಈ ಪ್ರಶ್ನೆಯ ತೂಕ ಹೆಚ್ಚಿದೆ.

ಇನ್ನೂ ನೋವಿನ ಕತೆ ಮಲೆನಾಡಿನದು. 1970ರ ದಶಕದ ಮಧ್ಯದಲ್ಲಿ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಸೊಂಟದ ಕೀಲು, ಮಂಡಿ ನೋವಿನಿಂದ ನಡೆಯಲಾರದವರ ಸುದ್ದಿ ಹೊರಬಂತು. ಹೆಚ್ಚಿನವರು ದಲಿತರು, ಕೂಲಿಯವರು. ಕೆಲವರು ತೀರಾ ಕುಳ್ಳಗೆ ಉಳಿದಿದ್ದರು. ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ, ಅಲ್ಲಿ ಹಿಡಿದು ತಿಂದ ಏಡಿಯ ಮೇಲೆ ಮೊದಲು ಅನುಮಾನ ಹೋಯಿತು. 1977ರಲ್ಲಿ ವಿಜ್ಞಾನಿಗಳು ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಅಂತ ದಾಖಲಿಸಿದರು. ಎಕ್ಸ್‌ರೇ ಜೊತೆಗೆ, ನಿಮ್ಮಪ್ಪನಿಗಿತ್ತಾ, ಅಜ್ಜಿಗಿತ್ತಾ ಅಂತ ಮನೆಮನೆಯ ವಂಶಾವಳಿ ಬರೆದುಕೊಂಡ ಮೇಲೆ, 90ರ ದಶಕದಲ್ಲಿ ಚಿತ್ರ ಸ್ಪಷ್ಟವಾಯಿತು. ಅದು ಮೂಳೆಯ ಬೆಳವಣಿಗೆಯಲ್ಲೇ ಇರುವ ಆನುವಂಶಿಕ ದೋಷ, ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು. ಹೆಸರು ಸಿಕ್ಕಿದ ಮಾತ್ರಕ್ಕೆ ಕಾಯಿಲೆ ವಾಸಿಯಾಗಲಿಲ್ಲ. ಆದರೆ ‘ನಾವು ತಿಂದದ್ದರಿಂದ ಹೀಗಾಯ್ತು’ ಎಂಬ ಅಪವಾದವನ್ನು ಹೊತ್ತುಕೊಳ್ಳುವ ಅಗತ್ಯ ಆ ಮನೆಗಳಿಗೆ ಉಳಿಯಲಿಲ್ಲ. ಇದು ಸಣ್ಣ ಮಾತು ಅಂತ ನನಗನ್ನಿಸಲ್ಲ.

ಈಗ ಸ್ಕ್ಯಾನಿಂಗ್ ಇದೆ, ರಕ್ತಪರೀಕ್ಷೆ ಇದೆ. ಆದರೂ ಯಾವ ಪರೀಕ್ಷೆ ಮಾಡಿಸಬೇಕು ಅಂತ ತೀರ್ಮಾನಿಸೋದು ಹಳೆಯ ಪ್ರಶ್ನೆಗಳೇ. ಬೆಳಿಗ್ಗೆ ಎದ್ದಾಗ ಕೀಲು ಎಷ್ಟು ಹೊತ್ತು ಬಿಗಿಯಾಗಿರುತ್ತೆ? ಅರ್ಧ ಗಂಟೆಯೊಳಗೆ ಸಡಿಲವಾಗಿ, ನಡೆದಷ್ಟೂ ನೋವು ಏರಿದರೆ ಸವೆತ ಇರಬಹುದು. ಗಂಟೆಗೂ ಮೀರಿ ಬಿಗಿದು, ಎರಡೂ ಕೈಯ ಸಣ್ಣ ಕೀಲುಗಳು ಊದಿದ್ದರೆ ರುಮಟಾಯ್ಡ್ ಇರಬಹುದು. ಹರೆಯದವರ ಸೊಂಟನೋವು ಮಲಗಿದರೆ ಹೆಚ್ಚಾಗಿ, ನಸುಕಿನಲ್ಲಿ ಎಬ್ಬಿಸಿ, ಓಡಾಡಿದರೆ ಇಳಿದರೆ, ಅದನ್ನು ಉಳುಕು ಅಂತ ನೀವಿಸಿಕೊಂಡು ಕೂರಬೇಡಿ, ಬೆನ್ನುಮೂಳೆ ಬೆಸೆದುಕೊಳ್ಳುವ ಕಾಯಿಲೆಯ ಆರಂಭ ಇದ್ದೀತು. ಚರಕನ ಉಪಶಯ ಇದೇ ತಾನೆ? ಇನ್ನು, ಒಂದೇ ಕೀಲು ದಿಢೀರನೆ ಊದಿ, ಬಿಸಿಯಾಗಿ, ಜ್ವರವೂ ಬಂದರೆ ಆವತ್ತೇ ಆಸ್ಪತ್ರೆಗೆ ಹೋಗಿ. ಕೀಲೊಳಗೆ ಕೀವು ತುಂಬಿದ್ದರೆ ಕೆಲವೇ ದಿನದಲ್ಲಿ ಕೀಲು ಹಾಳಾಗುತ್ತೆ.

ಎಲ್ಲಾ ವಾತಕ್ಕೂ ಒಂದೇ ಪುಡಿ ಅಂತ ಸಂತೆಯಲ್ಲಿ ಮಾರುತ್ತಾರಲ್ಲ, ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಪುಡಿ ಮಾರುವವ ಯಾವತ್ತೂ ಆ ಪ್ರಶ್ನೆಗಳನ್ನು ಕೇಳಲ್ಲ. ನೀವು ಡಾಕ್ಟರ ಹತ್ತಿರ ಹೋದಾಗ ‘ವಾತ ಸಾರ್’ ಅಂದು ಸುಮ್ಮನಾಗಬೇಡಿ. ಚಳುಕೋ ಸೆಳೆತವೋ, ಎಲ್ಲಿ, ಯಾವಾಗಿಂದ, ಏನು ಮಾಡಿದರೆ ಇಳಿಯುತ್ತೆ ಅಂತ ಬಿಡಿಸಿ ಹೇಳಿ. ನಿಮ್ಮಮ್ಮನ ಜೊತೆ ಹೋಗಿದ್ದರೆ, ಅದನ್ನು ಅವರ ಬಾಯಲ್ಲೇ ಹೇಳಿಸಿ.